ಮೊಟ್ಟೆಯ ಮಾತು ಕೇಳೋ ಟಿಣ್ಣಕ್ಕ

ಮೂವತ್ತೊಂದು ವರ್ಷದಲ್ಲಿ ಟಿಣ್ಣಕ್ಕನ ಕೈ ದಾಟಿ ಒಂದೇ ಒಂದು ಬಿರುಕು ಮೊಟ್ಟೆ ಪೇಟೆಗೆ ಹೋಗಿಲ್ಲ ಕಣ್ರೀ! ಕೋಳಿಗಳೇ ಅವಳಿಗೆ ಹೆದರಿ ಗಟ್ಟಿ ಮೊಟ್ಟೆ ಇಡ್ತವೆ! ಹೂಂ, ಹಾಗೆ ನೋಡಬೇಡಿ. ಅರ್ಧ ಸುಳ್ಳು, ಒಪ್ಕೊಂಡೆ. ಕೋಳಿ ವಿಷಯ ಪೂರ್ತಿ ಸುಳ್ಳು. ಬಿರುಕು ಮೊಟ್ಟೆ ಒಂದಷ್ಟು ಹೋಗಿವೆ. ಆದ್ರೆ ಹೋಗಿದ್ದನ್ನ ಅವಳೇ ಬಾಯಿಬಿಟ್ಟು ಹೇಳಿದಳಲ್ಲ, ಅದನ್ನ ಕೇಳಿ.

ಬೆಳಗ್ಗೆ ಐದೂವರೆ. ಊರಿನ್ನೂ ಆಕಳಿಸ್ತಾ ಇದೆ. ಮೊಟ್ಟೆ ಗೋದಾಮಿನ ಕತ್ತಲೆ ಮೂಲೇಲಿ ಟಿಣ್ಣಕ್ಕ ರವಿಕೆ ತೋಳು ಮಡಚಿ ಸ್ಟೂಲ್ ಮೇಲೆ ಕೂತಿದಾಳೆ. ಮುಂದೆ ತೂತು ಕೊರೆದ ತಗಡಿನ ಡಬ್ಬ, ಒಳಗೆ ಬಲ್ಬು. ಕೈಗೆ ಮೂರರಂತೆ ಮೊಟ್ಟೆ ಹಿಡಿದು ಬೆಳಕಿಗೆ ತೋರಿಸ್ತಾಳೆ, ಆಮೇಲೆ ಕಿವಿ ಹತ್ರ ತಂದು ಅಂಗೈಯಲ್ಲೇ ಹೊರಳಿಸಿ ಒಂದಕ್ಕೊಂದು ಮೆಲ್ಲಗೆ ತಾಗಿಸ್ತಾಳೆ. ಗಟ್ಟಿ ಮೊಟ್ಟೆ ‘ಟಿಣ್’ ಅನ್ನುತ್ತೆ. ಕೂದಲೆಳೆ ಬಿರುಕಿದ್ರೂ ‘ಟಪ್’. ಹೆಸರು ಬಂದಿದ್ದೇ ಹಾಗೆ. ಮುಂಚೆ ಎಡಗೈದನ್ನ ಎಡಗಿವಿಗೆ ಹಿಡಿದು ಎಡ ಟ್ರೇಗೆ, ಬಲಗೈದನ್ನ ಬಲಗಿವಿಗೆ ಹಿಡಿದು ಬಲ ಟ್ರೇಗೆ ಇಡ್ತಿದ್ದಳು; ಈಗ ಎರಡೂ ಕೈಯದನ್ನ ಬಲಗಿವಿಗೇ ಹಿಡೀತಾಳೆ. ಯಾಕೆ ಅಂತ ಹೇಳ್ತೀನಿ, ತಡೀರಿ.

ದಿನಕ್ಕೆ ಅರವತ್ತು ಸಾವಿರ ಮೊಟ್ಟೆ! “ಆರೇ ಸಾವಿರ, ಉಬ್ಬಿಸಬೇಡಿ ಅಜ್ಜಿ,” ಅಂತ ನನ್ನನ್ನೇ ತಿದ್ದುತಾಳೆ ಅವಳು.

ಗಂಡ ಲಾರಿಯಿಂದ ಬಿದ್ದು ಸೊಂಟ ಮುರ್ಕೊಂಡ ವರ್ಷ ಈ ಕೆಲಸಕ್ಕೆ ಬಂದಳು. ಕಲಿಸಿದ್ದು ಅವಳ ಅತ್ತೆ. “ಮೊದಲ ವಾರ ನೋಡಿದ್ದಕ್ಕಿಂತ ಒಡೆದಿದ್ದೇ ಜಾಸ್ತಿ. ಮನೇಲಿ ಮೂರು ಹೊತ್ತೂ ಮೊಟ್ಟೆನೇ ಊಟ!” ಅಂತಾಳೆ ಟಿಣ್ಣಕ್ಕ.

ತಿಂಗಳ ಹಿಂದೆ ಗೋದಾಮಿಗೆ ಬಿರುಕು ಮೊಟ್ಟೆ ಹಿಡಿಯೋ ಮಿಷಿನ್ ಬಂತು. ಒಂಬತ್ತು ಕ್ಯಾಮೆರಾ. ಇವಳ ಇಡೀ ದಿನದ ಕೆಲಸ ಅದಕ್ಕೆ ಒಂದು ಗಂಟೇದು. ಗೋದಾಮಿನ ಯಜಮಾನರು ಅಂದ್ರು: “ಒಂದು ತಿಂಗಳು ನೀನು ನೋಡಿದ್ದನ್ನ ಅದು ಇನ್ನೊಂದ್ಸಲ ನೋಡ್ಲಿ. ಆಮೇಲೆ ನಿನ್ನ ಸ್ಟೂಲು ಬೇಕೋ ಬೇಡವೋ ಹೇಳ್ತೀನಿ.”

ಟಿಣ್ಣಕ್ಕ ಅದಕ್ಕೆ ‘ಹೊಸ ಸೊಸೆ’ ಅಂತ ಹೆಸರಿಟ್ಟಳು. “ದಿನವಿಡೀ ಕಣ್ಣು ಮಿಟುಕಿಸೋದೇ ಕೆಲಸ. ನೆಲ ಒರೆಸೋಕೆ ಮಾತ್ರ ಅತ್ತೆ ಬೇಕು!”

ಎರಡನೇ ವಾರ, ಸೊಸೆ ಬೇಡ ಅಂತ ತಳ್ಳಿದ ಮೊಟ್ಟೆಗಳ ಬುಟ್ಟಿಯನ್ನ ಇವಳು ತಪ್ಪು ಹುಡುಕೋಕೇ ಕೆದಕಿದಳು. ಅದರಲ್ಲಿ ಎಡ ಟ್ರೇದು, ಬಲ ಟ್ರೇದು ಬೇರೆ ಬೇರೆಯಾಗೇ ಇದ್ವು. ಎಡಗೈಲಿ ಟೀ ಲೋಟ, ಬಲಗೈಲಿ ಮೊಟ್ಟೆ. ತನ್ನ ಬಲಗೈ ಟ್ರೇಯಿಂದ ಬಂದಿದ್ದೆಲ್ಲ ಟಿಣ್ ಟಿಣ್. ಖುಷಿಯೋ ಖುಷಿ. ಎಡಗೈ ಟ್ರೇದು ತಗೊಂಡಳು. ಟಪ್. ಹನ್ನೊಂದು ಮೊಟ್ಟೆ ಟಪ್ ಅಂದವು. ಅವನ್ನೇ ಎಡಗಿವಿಗೆ ಹಿಡಿದಳು. ಟಿಣ್ಣೂ ಇಲ್ಲ, ಟಪ್ಪೂ ಇಲ್ಲ. ಟೀ ತಣ್ಣಗಾಯ್ತು.

ಮನೇಲಿ ಗಂಡ ಎರಡು ವರ್ಷದಿಂದ ಗೊಣಗ್ತಿದ್ದರು, “ಕರೆದ್ರೆ ತಿರುಗಲ್ಲ, ಜಂಬ!” ಅಂತ. ಜಂಬ ಅಲ್ಲ ರಾಯರೇ, ಕಿವಿ!

ಇನ್ಯಾರಿಗೂ ಗೊತ್ತಾಗಿರಲಿಲ್ಲ. ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಆಗ್ತಿತ್ತು. ಇವಳು ಸೀದಾ ಯಜಮಾನರ ಮುಂದೆ ಹೋಗಿ ನಿಂತಳು. “ನನ್ನ ಎಡಗಿವಿ ಹೋಗಿದೆ. ಯಾವತ್ತಿಂದ ಅಂತ ಗೊತ್ತಿಲ್ಲ. ಸೊಸೆ ಹಿಡಿದಳು.”

“ನೀನೇ ಬಂದು ಹೇಳ್ತೀಯಲ್ಲ, ಸ್ಟೂಲು ಹೋದ್ರೆ?”

“ಸ್ಟೂಲು ಉಳಿಸ್ಕೊಳ್ಳೋಕೆ ಯಾರದೋ ಮಕ್ಕಳಿಗೆ ಕೆಟ್ಟ ಮೊಟ್ಟೆ ತಿನ್ನಿಸ್ಲಾ?” ಅಷ್ಟಕ್ಕೇ ಬಿಡ್ತಾಳಾ? “ಇನ್ನೊಂದು ಮಾತು. ಸೊಸೆ ಎಸೆದಿದ್ರಲ್ಲಿ ಅರ್ಧ ಗಟ್ಟಿ ಮೊಟ್ಟೆ. ಒಂದು ಹುಲ್ಲೆಳೆ ಅಂಟಿದ್ರೂ ಬಿರುಕು ಅಂತಾಳೆ. ಕಣ್ಣು ಒಂಬತ್ತಿದೆ, ಪಾಪ, ಕಿವಿ ಒಂದೂ ಇಲ್ಲ. ನನಗೆ ಒಂದಾದ್ರೂ ಇದೆ.”

ಇವತ್ತಿಗೆ ತಿಂಗಳು ಮುಗೀತು. ಏನಮ್ಮ ನಿನ್ನಾಸೆ ಅಂದ್ರೆ ನಗ್ತಾಳೆ. “ಗೋದಾಮಿಗೆ ಇಷ್ಟು ದೊಡ್ಡ ಮಿಷಿನ್ ತಂದಿದಾರೆ, ನನ್ನ ಕಿವಿಗೊಂದು ಚಿಕ್ಕದು ಸಿಕ್ಕಿದ್ರೆ ಸಾಕು. ಸೊಸೆ ಪಕ್ಕದಲ್ಲೇ ಕೂತ್ಕೋತೀನಿ.”

ಅಷ್ಟರಲ್ಲಿ ಯಜಮಾನರು ಬರ್ತಾರೆ. ಬಂದವರೇ ಸ್ಟೂಲು ಎತ್ಕೋತಾರೆ. ಈ ಕಡೆ ಬಾಗಿಲು, ಅದರಾಚೆ ಮುರುಕು ಸಾಮಾನಿನ ರಾಶಿ. ಆ ಕಡೆ ಸೊಸೆ, ಅವಳು ಎಸೆಯೋ ಬುಟ್ಟಿ. ಟಿಣ್ಣಕ್ಕ ಬಲಗಿವಿಯನ್ನ ಅವರ ಕಡೆ ತಿರುಗಿಸಿ ನಿಂತಿದಾಳೆ. ಯಜಮಾನರ ಇನ್ನೊಂದು ಕೈಲಿ ಅವಳ ತಗಡಿನ ಡಬ್ಬಕ್ಕೆ ಹಾಕೋವಂಥ ಒಂದು ಹೊಸ ಬಲ್ಬಿದೆ.

ಸ್ಟೂಲು ಯಾವ ಕಡೆ ಹೋಯ್ತು? ನೀವೇ ಹೇಳಿ ನೋಡೋಣ.