ಹೆಂಗಸರದ್ದು ಆ ಕಡೆ

ಯಾರು ಏನು ಬೇಕಾದರೂ ಅಂದುಕೊಳ್ಳಲಿ, ಹೇಳಿಬಿಡುತ್ತೇನೆ. ನನ್ನ ತಂಗಿ ಕುಡಿಯುತ್ತಾಳೆ. ಆರು ವರ್ಷ ಇದನ್ನು ಮುಚ್ಚಿಟ್ಟವಳು ನಾನೇ. ನಾನು ಬಸ್ ಕಂಡಕ್ಟರ್. ದಿನವಿಡೀ ಗಂಟಲು ಹರಿದುಕೊಳ್ಳುವುದೇ ನನ್ನ ಕೆಲಸ. ಫುಟ್‌ಬೋರ್ಡಿನಲ್ಲಿ ನೇತಾಡುವ ಗಂಡಸರನ್ನು ಒಂದೇ ಕೂಗಿಗೆ ಒಳಗೆ ಕಳಿಸಿದವಳು. ಆದರೂ ಈ ಒಂದು ಮಾತು ಬಾಯಿಂದ ಹೊರಗೆ ಬಂದಿರಲಿಲ್ಲ.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಫ್ರೇಮಿಗೆ ಗಾಜು ಕೂರಿಸುವುದು, ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂ ಬಿಗಿಯುವುದು. ಅಂಗಡಿಯಲ್ಲಿ ಎಲ್ಲರಿಗೂ ಅವಳು ಸ್ಕ್ರೂ ಅಕ್ಕ. ಅಂಥ ಕೈ ಈಗ ಬೆಳಗಿನ ಹೊತ್ತು ಗಡಗಡ ನಡುಗುತ್ತದೆ. ಮಾಲೀಕರು ಫೋನ್ ಮಾಡಿದಾಗಲೆಲ್ಲ ಜ್ವರ ಎಂದವಳು ನಾನು. ನೆರೆಮನೆಯವರಿಗೆ ತಲೆಸುತ್ತು ಎಂದವಳು ನಾನು. ಬಿದ್ದು ಹಲ್ಲು ಮುರಿದುಕೊಂಡಾಗ, ನೆಲದ ಮೇಲೆ ನೀರು ಚೆಲ್ಲಿತ್ತು, ಜಾರಿದಳು ಎಂದು ಡಾಕ್ಟರ ಮುಂದೆ ನಾನೇ ಬಾಯಿ ಹಾಕಿದೆ.

ಎರಡು ಸಲ ಬಿಟ್ಟಿದ್ದಳು. ಎರಡು ಸಲವೂ ಹತ್ತನೆಯ ದಿನಕ್ಕೆ ಮತ್ತೆ ಶುರುಮಾಡಿದಳು. ಮೂರನೆಯ ಸಲ ಬಿಟ್ಟಾಗ ಅವಳೇ ಹೋಗಿ ನಿಜ ಹೇಳಿದ್ದಕ್ಕೆ ಡಾಕ್ಟರಮ್ಮ ಒಂದು ಚೀಟಿ ಬರೆದುಕೊಟ್ಟು, "ಒಬ್ಬಳೇ ಇದ್ರೆ ಆಗಲ್ಲಮ್ಮ. ಕುಡಿತ ಬಿಟ್ಟವರು ವಾರಕ್ಕೊಂದ್ಸಲ ಸೇರ್ತಾರೆ, ಹೋಗಿ ಅವ್ರ ಜೊತೆ ಕೂತ್ಕೋ" ಎಂದರು. ಶನಿವಾರ ಸಂಜೆ ನಾಲ್ಕು ಗಂಟೆ, ಗ್ರಂಥಾಲಯದ ಹಿಂಭಾಗ, ಮಹಡಿ. ಆ ಶನಿವಾರವೇ ಹತ್ತನೆಯ ದಿನ. "ಒಂದೇ ಒಂದ್ಸಲ ಬರ್ತೀನಿ ಅಕ್ಕ. ಸರಿಹೋಗ್ಲಿಲ್ಲ ಅಂದ್ರೆ ಇನ್ನು ನನ್ನ ಕರೀಬೇಡ" ಎಂದು ತಂಗಿ ಮೊದಲೇ ಹೇಳಿಬಿಟ್ಟಿದ್ದಳು.

ಗ್ರಂಥಾಲಯವೇನೋ ಸಿಕ್ಕಿತು. ಹಿಂಭಾಗಕ್ಕೆ ದಾರಿ ಎಲ್ಲಿ? ಒಂದು ಬೋರ್ಡಿಲ್ಲ, ಬಾಣದ ಗುರುತಿಲ್ಲ. ಕುಡಿಯುವುದಕ್ಕಾದರೆ ಬೀದಿಗೊಂದು ಝಗಝಗಿಸುವ ಬೋರ್ಡು, ಬಿಡುವುದಕ್ಕೆ ಮಾತ್ರ ಕಳ್ಳರ ಹಾಗೆ ಹುಡುಕಬೇಕು! ಮೂಲೆಯ ಔಷಧಿ ಅಂಗಡಿಯವನಿಗೆ ಚೀಟಿ ತೋರಿಸಿದೆ. ಅವನು ನಮ್ಮಿಬ್ಬರನ್ನೂ ನೋಡಿ, "ಯಜಮಾನ್ರಿಗಾ?" ಎಂದ.

"ಹೂಂ, ಇವಳ ಗಂಡನಿಗೆ" ಎಂದೆ.

ನಾಲಿಗೆಗೆ ಅದೆಷ್ಟು ರೂಢಿಯಾಗಿತ್ತು ನೋಡಿ! ಇವಳ ಗಂಡ ಕಾಫಿ ಸಹ ಮುಟ್ಟದ ಪ್ರಾಣಿ. ಔಷಧಿಯವನು ಅಯ್ಯೋ ಪಾಪ ಎಂದು ಲೊಚಗುಟ್ಟಿ ಹಿಂದಿನ ಕಬ್ಬಿಣದ ಮೆಟ್ಟಿಲು ತೋರಿಸಿದ. ಮೇಲೆ ಕಾವಲಿನ ಮುದುಕನೂ ಅದನ್ನೇ ಕೇಳಿದ, ನಾನೂ ಅದನ್ನೇ ಹೇಳಿದೆ. "ಹೆಂಗಸರದ್ದು ಆ ಕಡೆ" ಎಂದು ಎಡಗಡೆಯ ಕೋಣೆಗೆ ಕೈ ತೋರಿಸಿದ.

ಒಳಗೆ ಏಳೆಂಟು ಹೆಂಗಸರು. ಎಲ್ಲರೂ ಕುಡಿಯುವವರ ಹೆಂಡತಿಯರು, ತಾಯಂದಿರು. ಹಿರಿಯಾಕೆಯೊಬ್ಬರು ತಂಗಿಯ ಕೈ ಹಿಡಿದು ಕೂರಿಸಿದರು. ಒಬ್ಬಾಕೆ, ಗಂಡ ಸೋಪಿನ ಪುಡಿಯ ಡಬ್ಬದಲ್ಲಿ ಬಾಟಲಿ ಬಚ್ಚಿಡುವುದನ್ನು ಹೇಳಿದಳು. ಇನ್ನೊಬ್ಬಾಕೆ, "ಅವ್ರ ಬಾಯಿಂದ ಒಂದು ನಿಜ ಬರಲ್ಲ" ಎಂದು ಅತ್ತಳು. ಇಪ್ಪತ್ತು ನಿಮಿಷ ನನ್ನ ತಂಗಿ ತಲೆ ತಗ್ಗಿಸಿಕೊಂಡು ತನ್ನ ಕಥೆಯನ್ನೇ ಬೇರೆಯವರ ಬಾಯಲ್ಲಿ ಕೇಳಿದಳು. ಆಗಲೇ ಎಬ್ಬಿಸಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ, ನನಗೆ ನಾಚಿಕೆ.

"ನಿಮ್ಮೋರು ದಿನಾ ಕುಡೀತಾರೇನಮ್ಮ?" ಎಂದು ಹಿರಿಯಾಕೆ ಕೇಳಿದರು.

"ಅವ್ರು ಕುಡಿಯಲ್ಲ. ಕುಡಿಯೋದು ನಾನು" ಎಂದಳು ತಂಗಿ.

ಪಕ್ಕದಾಕೆ ತನ್ನ ಬ್ಯಾಗನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಅಲ್ಲಾ, ಇವಳೇನು ಅದಕ್ಕೆ ಕೈ ಹಾಕುತ್ತಿದ್ದಳೇ? ಹಿರಿಯಾಕೆ ಮಾತ್ರ ಮೆಲ್ಲಗೆ, "ಹಾಗಾದ್ರೆ ಎದುರಿನ ಕೋಣೆಗೆ ಹೋಗಮ್ಮ" ಎಂದರು.

ಎದುರಿನ ಕೋಣೆಯ ತುಂಬ ಗಂಡಸರು. ಬಾಗಿಲ ಬಳಿ ಕೂತಿದ್ದವನು ನಮ್ಮನ್ನು ನೋಡಿದವನೇ, "ಹೆಂಗಸರದ್ದು ಆ ಕಡೆ ಕಣಮ್ಮ" ಎಂದ.

ತಂಗಿ ಮೆಟ್ಟಿಲ ಕಡೆ ತಿರುಗಿದಳು. ಆ ನಡಿಗೆ ನನಗೆ ಗೊತ್ತು. ಹಿಂದೆರಡು ಸಲವೂ ಹಾಗೇ ಎದ್ದು ಹೋದವಳು ಬಾಟಲಿ ಹಿಡಿದುಕೊಂಡೇ ಬಂದಿದ್ದಳು. ಓಡಿಹೋಗಿ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದೆ.

"ಯಾವ ಕಡೇರೀ?" ನನ್ನ ಕೂಗಿಗೆ ಎರಡೂ ಕೋಣೆಯವರು ಬೆಚ್ಚಿಬಿದ್ದರು. "ಅಲ್ಲಿ ಹೋದ್ರೆ ಇಲ್ಲಿ ಅಂತಾರೆ, ಇಲ್ಲಿ ಬಂದ್ರೆ ಅಲ್ಲಿ ಅಂತೀರಿ. ಇವಳು ಯಾರ ಹೆಂಡ್ತಿಯಾಗೂ ಇಲ್ಲಿಗೆ ಬಂದಿಲ್ಲ. ನನ್ನ ತಂಗಿ ಕುಡೀತಾಳೆ, ಕುಡೀತಾಳೆ ಕಣ್ರೀ! ಹತ್ತು ದಿನದಿಂದ ಬಿಟ್ಟಿದ್ದಾಳೆ. ಕೂರಿಸ್ಕೊತೀರೋ ಇಲ್ವೋ?"

ಅವನು ತಡಬಡಾಯಿಸಿ ಎದ್ದು ಕುರ್ಚಿ ಬಿಟ್ಟುಕೊಟ್ಟ. "ತಪ್ಪಾಯ್ತು ತಾಯಿ. ಇಲ್ಲಿವರೆಗೂ ಒಬ್ಬ ಹೆಂಗಸೂ ಬಂದಿರ್ಲಿಲ್ಲ" ಎಂದ. ಬಂದಿರಲಿಲ್ಲವಂತೆ! ಊರಲ್ಲಿ ಇವಳೊಬ್ಬಳೇ ಕುಡಿಯುವುದೇ? ಉಳಿದವರನ್ನೆಲ್ಲ ಯಾವ ಯಾವ ಅಕ್ಕಂದಿರು ಮನೆಯೊಳಗೆ ಮುಚ್ಚಿಟ್ಟುಕೊಂಡಿದ್ದಾರೋ.

ತಂಗಿ ಕೂತಳು. ನಾನು ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದೆ.

"ನೀನು ಹೊರಗಿರು ಅಕ್ಕ."

"ಯಾಕೆ? ಇಷ್ಟೆಲ್ಲ ಒದ್ದಾಡಿದ್ದು ನಾನಲ್ವೇನೇ?"

"ನೀನು ಪಕ್ಕದಲ್ಲಿದ್ರೆ ನಾನು ಸುಳ್ಳು ಹೇಳ್ತೀನಿ."

ಹೊಡೆಯುವಷ್ಟು ಸಿಟ್ಟು ಬಂತು. ಯಾರನ್ನು ಹೊಡೆಯಬೇಕು ಎಂದು ಗೊತ್ತಿದ್ದರಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ, ಬಾಗಿಲು ಮುಂದಕ್ಕೆ ಎಳೆದೆ.