ದೇವರ ಪಟದ ಮುಂದೆ ಬ್ಯಾಟರಿಯಿಲ್ಲದ ಫೋನು

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಸಾತನೂರಿನ ಪಕ್ಕದ ಹಳ್ಳಿಯಲ್ಲಿ ನಾನು ಮನೆಗೆಲಸದ ಜೊತೆಗೆ ರೇಷ್ಮೆ ಹುಳು ಸಾಕುತ್ತಿದ್ದೆ. ಸಂಬಳವಿಲ್ಲದಿದ್ದರೂ ಅದೇ ನನ್ನ ಉದ್ಯೋಗ. ಮನೆಗೆ ಆಗಷ್ಟೇ ಮೊಬೈಲ್ ಬಂದಿತ್ತು. ಅದರ ಚಾರ್ಜರಿನ ವೈರನ್ನು ಇಲಿ ಕಡಿದಾಗ ಪಕ್ಕದ ಮನೆಯ ಜಯಮ್ಮ ತನ್ನ ಕ್ಲಿಪ್ ಚಾರ್ಜರ್ ಕೊಟ್ಟಿದ್ದಳು. ಅದಕ್ಕೆ ವೈರೇ ಇಲ್ಲ. ಫೋನಿನಿಂದ ಬ್ಯಾಟರಿ ತೆಗೆದು, ಕ್ಲಿಪ್ಪಿಗೆ ಕಚ್ಚಿಸಿ, ಸೀದಾ ಪ್ಲಗ್ಗಿಗೆ ಸಿಕ್ಕಿಸುವುದು.

ಆ ಸಲ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಕಳಚಲು ಹುಳು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಆಗ ಹಿಪ್ಪುನೇರಳೆ ಸೊಪ್ಪು ತಪ್ಪಿದರೆ ಗೂಡು ಕಟ್ಟುವ ಶಕ್ತಿ ಇರುವುದಿಲ್ಲ, ಬೆಳೆಯೇ ಹೋಗುತ್ತದೆ. ನಮ್ಮ ಮೋಟಾರು ಸುಟ್ಟು ಸೊಪ್ಪಿನ ತೋಟ ಒಣಗಿತ್ತು. ಯಜಮಾನರು ಸೊಪ್ಪು ಹುಡುಕಿಕೊಂಡು ಬೆಳಿಗ್ಗೆಯೇ ಉಯ್ಯಂಬಳ್ಳಿ ಕಡೆ ಹೊರಟರು.

"ಸಿಕ್ಕುದ್ರೆ ಬೂತಿಂದ ಫೋನ್ ಮಾಡ್ತೀನಿ. ನಮ್ಮೂರ ಟೆಂಪೋನ ಕಳ್ಸು" ಎಂದಿದ್ದರು.

ಪ್ಲಗ್ ಇದ್ದದ್ದು ಹುಳು ಮನೆಯಲ್ಲಿ ಮಾತ್ರ. ಬ್ಯಾಟರಿಯನ್ನು ಅಲ್ಲಿ ಸಿಕ್ಕಿಸಿ, ಫೋನನ್ನು ಎಂದಿನ ಅಭ್ಯಾಸದಂತೆ ದೇವರ ಪಟದ ಮುಂದಿಟ್ಟೆ. ಉಳಿದ ಸೊಪ್ಪನ್ನು ತೆಳ್ಳಗೆ ಹರಡುತ್ತ, ಕಿವಿಯನ್ನು ಅತ್ತಲೇ ಕೊಟ್ಟು, ದೊಡ್ಡಮಳೂರಿನ ಅಪ್ರಮೇಯಸ್ವಾಮಿಯನ್ನು ಬೇಡುತ್ತಿದ್ದೆ. ಮಧ್ಯಾಹ್ನವಾಯಿತು. ಫೋನು ಸದ್ದೇ ಮಾಡಲಿಲ್ಲ.

ಅಷ್ಟರಲ್ಲಿ ಜಯಮ್ಮ ಬಂದು ಹೊಸ್ತಿಲಾಚೆ ನಿಂತಳು. ಹುಳುವಿಗೆ ರೋಗ ತಗಲೀತೆಂದು ಆ ಹಂತದಲ್ಲಿ ಹೊರಗಿನವರು ಹುಳು ಮನೆಯೊಳಗೆ ಕಾಲಿಡುವುದಿಲ್ಲ.

"ಯಾಕಕ್ಕ, ಮೊಕ ಸಪ್ಪಗೈತೆ?"

"ಅವ್ರ ಫೋನೇ ಬರ್ಲಿಲ್ಲ ಕಣವ್ವ. ದೇವ್ರ ತಾವ ಮಡಗಿವ್ನಿ, ಸುಮ್ನೆ ಕುಂತೈತೆ."

ಅವಳು ಬಗ್ಗಿ ಪ್ಲಗ್ಗಿನತ್ತ ನೋಡಿದಳು. "ಅಯ್ಯೋ ಅಕ್ಕ! ಬ್ಯಾಟ್ರಿ ಇಲ್ ನೇತಾಕೊಂಡೈತೆ. ದೇವ್ರ ತಾವ ಮಡಗ್ಬುಟ್ರೆ ಅವ್ನೇ ಚಾರ್ಜ್ ಮಾಡ್ಬುಡ್ತಾನಾ?"

ಓಡಿ ನೋಡಿದರೆ ಕ್ಲಿಪ್ಪಿನ ಕಡ್ಡಿಯೂ ಸರಿಯಾಗಿ ತಾಗಿರಲಿಲ್ಲ, ದೀಪ ಹತ್ತಿರಲಿಲ್ಲ. ಬ್ಯಾಟರಿ ಖಾಲಿ.

ಜಯಮ್ಮ ಸೊಂಟದಿಂದ ತನ್ನ ಫೋನು ತೆಗೆದಳು. ಆಗ ಊರಲ್ಲೆಲ್ಲ ಒಂದೇ ನಮೂನೆಯ ಫೋನು. ಬ್ಯಾಟರಿ ಬಿಚ್ಚಿ, ಹೊಸ್ತಿಲು ದಾಟದೆ, ನಾನು ಚಾಚಿದ ಮೊರದಲ್ಲಿ ಹಾಕಿದಳು.

"ನಿಂಗೆ ಫೋನ್ ಬಂದ್ರೆ?"

"ಸೊಪ್ಪು ಕೇಳೋ ಮಕ್ಳು ನನ್ ಮನೇಲಿಲ್ಲ. ಹಾಕು ಬಿರ್ನೆ."

ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಫೋನು ಹೊಡೆದುಕೊಂಡಿತು. "ಎಲ್ಲೋಗಿದ್ದೆ ನೀನು? ಸೊಪ್ಪು ಸಿಕ್ಕೈತೆ, ಒಸಿ ತಡವಾದ್ರೂ ಬೇರೆಯವ್ರಿಗೆ ಕೊಟ್ಬುಡ್ತಾರಂತೆ. ಟೆಂಪೋ ಕಳ್ಸು!"

ಹೊತ್ತು ಮುಳುಗುವ ಮುನ್ನ ಟೆಂಪೋ ತುಂಬ ಹಸಿರು ಬಂತು. ಹುಳು ಮೇಯುವ ಚರಚರ ಸದ್ದು ಮನೆ ತುಂಬಿತು. ಗೂಡು ಕೊಂಚ ಸಣ್ಣದಾದರೂ ಬೆಳೆ ಉಳಿಯಿತು.

ಈಗ ಮಗಳು ವೈರಿಲ್ಲದೆ ಚಾರ್ಜ್ ಆಗುವ ತಟ್ಟೆ ತಂದುಕೊಟ್ಟಿದ್ದಾಳೆ. ಫೋನನ್ನು ಅದರ ಮೇಲಿಟ್ಟರೆ ಸಾಕು. ಆದರೆ ಮಾತಾಡಲು ಎತ್ತಿಕೊಂಡರೆ ಚಾರ್ಜ್ ನಿಲ್ಲುತ್ತದೆ. ಅದಕ್ಕೇ ಯಾರದಾದರೂ ಕರೆಗೆ ಕಾಯುವ ದಿನ ನಾನು ವೈರನ್ನೇ ಸಿಕ್ಕಿಸುತ್ತೇನೆ, ಮಿಕ್ಕ ದಿನ ತಟ್ಟೆ. ಯಾವ ಚಾರ್ಜರ್ ಮೇಲು ಎನ್ನುವುದಕ್ಕಿಂತ, ಈ ಹೊತ್ತಿಗೆ ಯಾವುದು ಬೇಕು ಎಂದು ನೋಡುವುದನ್ನು ಹುಳು ಮನೆ ನನಗೆ ಕಲಿಸಿತು.

ತಟ್ಟೆಯನ್ನು ಇಟ್ಟಿರುವುದು ಮಾತ್ರ ದೇವರ ಪಟದ ಮುಂದೆಯೇ. ಮೊನ್ನೆ ಜಯಮ್ಮ ನೋಡಿ ನಕ್ಕಳು. "ಕೊನೆಗೂ ದೇವ್ರೇ ಚಾರ್ಜ್ ಮಾಡಂಗಾಯ್ತಲ್ಲಕ್ಕ!"

"ಅವತ್ತೂ ಅವ್ನೇ ಕಣೇ ಮಾಡಿದ್ದು, ನಿನ್ ಬ್ಯಾಟ್ರೀಲಿ" ಎಂದೆ.