ಗುಳಿಗೆ ನುಂಗಿ ಉಳಿಸಿದ ದಿನಗಳು

ನನ್ನ ಮೊಮ್ಮಗಳು ಮೆಡಿಕಲ್ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಸೋತದ್ದು ಓದು ಸಾಲದೆ ಅಲ್ಲ. ಓದಿನಲ್ಲಿ ಆಕೆ ಗಟ್ಟಿ. ಗುಳಿಗೆ ನುಂಗಿಸಿ ನುಂಗಿಸಿ ಮನೆಯವರು ಆಕೆಯ ಮೈ ಕೆಡಿಸಿದರು, ಆ ಮೈ ಪರೀಕ್ಷೆ ಕೆಡಿಸಿತು. ನಡೆದದ್ದು ಇಷ್ಟೇ. ಹಣೆಬರಹ, ಮಂದಿಯ ಕಣ್ಣು ಅಂತ ನಮ್ಮೂರು ಸದಲಗಾದಲ್ಲಿ ಆಡಿಕೊಳ್ಳುವವರು ಆಡಿಕೊಳ್ಳಲಿ.

ನಾನು ಕಲಿತದ್ದು ಎರಡನೇ ಇಯತ್ತೆ. ಪುಸ್ತಕದೊಳಗಿನದು ನನಗೆ ತಿಳಿಯದು. ಅಭ್ಯಾಸದ ವೇಳಾಪತ್ರಿಕೆ ಮಾತ್ರ ಚೆನ್ನಾಗಿ ಗೊತ್ತಿತ್ತು, ಗೋಡೆಗೇ ಅಂಟಿಸಿದ್ದರಲ್ಲ. ಬರೆದವನು ನನ್ನ ಮಗ, ಆಕೆಯ ಅಪ್ಪ. ಬಸ್ ಕಂಡಕ್ಟರ್ ನೌಕರಿ. ಮಗಳ ಓದನ್ನೂ ಬಸ್ಸಿನ ಪಾಳಿಯಂತೆಯೇ ಗೀಟು ಹಾಕಿ ಹಂಚಿದ. ಕುರಿ ಬಿಡುವ ಮೊದಲು ಫಿಜಿಕ್ಸು, ರೊಟ್ಟಿಯಾದ ಮೇಲೆ ಕೆಮಿಸ್ಟ್ರಿ, ಸಂಜೆಗೆ ಬಯಾಲಜಿ.

"ಅಪ್ಪಾ, ಉಣ್ಣಾಕ ವ್ಯಾಳ್ಯಾ ಎಲ್ಲಿ ಬರದೀ?" ಅಂದಳು ಹುಡುಗಿ.

"ಓದಕೋತ ಉಣ್ಣು. ಡ್ರೈವರ್ ಏನ ಗಾಡಿ ನಿಂದರಸಿ ಉಣ್ತಾನೇನ?"

"ನಿಂದರಸೇ ಉಣ್ತಾನ. ಢಾಬಾದಾಗ, ಅದೂ ಪುಕ್ಕಟ."

ಮಗ ನಕ್ಕ. ಆಗಿನ್ನೂ ನಮ್ಮ ಮನೆಯಲ್ಲಿ ನಗುವಿತ್ತು.

ತೊಡಕು ಇದ್ದದ್ದು ತಿಂಗಳಿನ ಆ ಮೂರು ದಿನಗಳಲ್ಲಿ. ನಮ್ಮಲ್ಲಿ ಹೊರಗಾದ ಹೆಂಗಸು ಹಿತ್ತಲ ಚಪ್ಪರದಲ್ಲಿ ಕೂಡಬೇಕು. ಒಲೆ ಮುಟ್ಟುವ ಹಾಗಿಲ್ಲ, ಕುರಿಮರಿ ಮುಟ್ಟುವ ಹಾಗಿಲ್ಲ. ಪುಸ್ತಕವೆಂದರೆ ಸರಸ್ವತಿ, ಅದನ್ನಂತೂ ಮುಟ್ಟುವ ಹಾಗೇ ಇಲ್ಲ. ಮೊದಲ ತಿಂಗಳು ನಾನೇ ಆಕೆಯ ಎದುರು ಪುಸ್ತಕ ಹಿಡಿದು ಕೂತೆ. ಆಕೆ ಹೂಂ ಅಂದಾಗ ಹಾಳೆ ತಿರುವುವುದು ನನ್ನ ಕೆಲಸ.

"ಆಯೀ, ತಲಿಕೆಳಗ ಹಿಡದೀ ಬೇ."

"ಇಂಗ್ಲಿಷಕ್ಕ ತಲಿ ಯಾವುದು ಕಾಲ ಯಾವುದು, ನನಗೇನ ಗೊತ್ತ?"

ತೋಳು ಸೋತು ಬಿದ್ದವು. ಓದು ಅರ್ಧವೂ ಆಗಲಿಲ್ಲ. ಮಗ ವೇಳಾಪತ್ರಿಕೆಯ ಖಾಲಿ ಮನೆಗಳನ್ನು ನೋಡಿ ಸಿಡಿದ. "ಪ್ರತಿ ತಿಂಗಳಾ ಮೂರ ದಿನ ಟ್ರಿಪ್ ಕ್ಯಾನ್ಸಲ್! ಹಿಂಗಾದ್ರ ಯಾವ ಸೀಟ್ ಸಿಗತೈತಿ?"

ಆಗ ಸೊಸೆ ಗೂಡಿನಿಂದ ಗುಳಿಗೆ ತೆಗೆದಳು. "ಮಂಗಸೂಳಿ ಮಲ್ಲಯ್ಯನ ಜಾತ್ರಿಗೆ ಹೋಗೂ ಮುಂದ ತಗೊಂಡಿದ್ನೆಲ್ರಿ, ಹೊರಗಾಗಬಾರ್ದಂತ, ಅವ ಗುಳಿಗಿ ಇವು. ಮಲ್ಲಯ್ಯಗ ನಡೀತಾವ ಅಂದ್ರ ಓದಿಗ್ಯಾಕ ನಡ್ಯಾಂಗಿಲ್ಲ?"

ಯಾರಿಗೂ ತಪ್ಪೆನ್ನಿಸಲಿಲ್ಲ. ದೇವರಿಗೆ, ಮದುವೆಗೆ ಊರ ಹೆಂಗಸರೆಲ್ಲ ನುಂಗುವ ಗುಳಿಗೆಯೇ ಅದು. ಅವರು ವರ್ಷಕ್ಕೊಮ್ಮೆ ನಾಲ್ಕಾರು ದಿನ ನುಂಗುತ್ತಿದ್ದರು, ಈಕೆಗೆ ದಿನಾಲೂ ಆಯಿತು. ಹೊರಗಾದವಳ ಕೈಗೆ ಪುಸ್ತಕ ಕೊಡುವುದಕ್ಕಿಂತ ಗುಳಿಗೆ ಕೊಡುವುದು ಎಲ್ಲರಿಗೂ ಹಗುರವಾಗಿ ಕಂಡಿತು. ಮಗ ಚಿಕ್ಕೋಡಿಯಿಂದ ಮತ್ತಷ್ಟು ತಂದ. ಖಾಲಿ ಮನೆಗಳನ್ನು ತುಂಬಿದ. ಆಕೆ ಹೊರಗಾಗುವುದೇ ನಿಂತಿತು.

ಕೆಲವು ತಿಂಗಳಲ್ಲಿ ಹುಡುಗಿಯ ಮುಖ ಬಾತುಕೊಂಡಿತು. ಕೂತಲ್ಲೇ ವಾಕರಿಕೆ. "ತಲಿ ತಿರಗತೈತಿ ಅವ್ವಾ" ಅಂದರೆ, "ಇಷ್ಟ ಓದಿದ್ರ ಯಾರಿಗರೆ ತಿರಗತೈತಿ" ಅನ್ನುತ್ತಿದ್ದಳು ತಾಯಿ. ಆದರೂ ಹುಡುಗಿ ನುಂಗಿದಳು. ಡಾಕ್ಟರ್ ಆಗಬೇಕೆಂಬ ಹಟ ಅಪ್ಪನದಷ್ಟೇ ಅಲ್ಲ, ಆಕೆಯದೂ ಇತ್ತು.

ಆಗಿನ್ನೂ ಪರೀಕ್ಷೆ ಎರಡು ದಿನ, ಬೆಳಗಾವಿಯಲ್ಲಿ. ಜೊತೆಗೆ ನಾನು ಹೋಗಿದ್ದೆ. ಮೊದಲ ದಿನ ಹೊರಗೆ ಬಂದವಳೇ, "ಬಯಾಲಜಿ ಭಾಳ ಚಲೋ ಆತ ಆಯಿ" ಅಂದಳು. ಎರಡನೆಯ ದಿನ ಗುಳಿಗೆ ನುಂಗಿಯೇ ಒಳಗೆ ಹೋಗಿದ್ದಳು, ಮೈ ಕೇಳಲಿಲ್ಲ. ಪರೀಕ್ಷೆಯ ನಡುವೆ ಇಬ್ಬರು ಹೆಂಗಸರು ಆಕೆಯನ್ನು ಹಿಡಿದುಕೊಂಡು ಹೊರಗೆ ತಂದರು. ಬಟ್ಟೆಯೆಲ್ಲ ರಕ್ತ, ಮುಖ ಸುಣ್ಣದ ಗೋಡೆ. ಬರೆಯುತ್ತ ಬರೆಯುತ್ತಲೇ ಬೆಂಚಿನಿಂದ ಕೆಳಗೆ ಬಿದ್ದಿದ್ದಳಂತೆ.

"ಸ್ವಲ್ಪ ಮಲಗಿ ಮತ್ತ ಒಳಗ ಬರ್ಲೇನ್ರೀ ಮೇಡಂ?" ಅಂತ ಕೇಳಿದಳು.

"ಹೊರಗ ಬಂದವ್ರನ್ನ ಮತ್ತ ಒಳಗ ಬಿಡಾಕ ಬರಂಗಿಲ್ಲ ತಂಗಿ. ಮನಿಗೆ ಹೋಗ."

ಆಕೆ ಅಳಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ, ತಾನು ಬರೆಯದೆ ಬಿಟ್ಟ ಪ್ರಶ್ನೆಗಳ ಉತ್ತರ ಒಂದೊಂದೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳುವುದು ನನ್ನಿಂದಾಗಲಿಲ್ಲ. ಸುಮ್ಮನಿರು ಅಂತ ಗದರಿದೆ.

ಮನೆಗೆ ಬಂದರೆ, ಅದೇ ರಕ್ತದಲ್ಲೂ ಆಕೆಗೆ ಚಪ್ಪರದಲ್ಲೇ ಚಾಪೆ ಹಾಸಿದರು. ಹೊರಗಾಗಿದ್ದಳಲ್ಲ. ದವಾಖಾನೆ ಅಂದೆ.

"ಹೊರಗಾದಾಕಿನ್ನ ಎಲ್ಲಿ ಒಯ್ತಿ ಬೇ?" ಅಂದ ಮಗ. "ಮೂರ ದಿನ ಕಳೀಲಿ. ಸೀಟಂತೂ ಹೋತು. ಮುಂದಿನ ವರ್ಷ ಐತಿ, ಬ್ಯಾರೆ ಟೈಮ್‌ಟೇಬಲ್ ಹಾಕೂಣು."

"ನಿನ್ನ ಟೈಮ್‌ಟೇಬಲ್‌ಗೆ ಬೆಂಕಿ ಹಚ್ಚ" ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ನಾನು ಕುರಿ ಬಿಡಲಿಲ್ಲ. ಹಳೆಯ ಸೀರೆ ಹರಿದು ಆಕೆಗೆ ಕಟ್ಟಿದೆ, ಹೆಗಲು ಕೊಟ್ಟು ಎಬ್ಬಿಸಿದೆ, ಸೊಸೆ ಹಿತ್ತಲ ಬಾಗಿಲಲ್ಲಿ ಅಡ್ಡ ನಿಂತರೆ ಮೊಣಕೈಯಿಂದ ಸರಿಸಿದೆ. ನಿಪ್ಪಾಣಿಗೆ ಹೊರಟ ಮೊದಲ ಬಸ್ಸು ಹತ್ತಿದೆವು. ಅಲ್ಲಿಯ ಹೆಣ್ಣು ಡಾಕ್ಟರು ಇನ್ನೂ ಬಾಗಿಲು ತೆರೆದಿರಲಿಲ್ಲ. ಹುಡುಗಿಯನ್ನು ಮೆಟ್ಟಿಲ ಮೇಲೆ ಒರಗಿಸಿ, ಬಾಗಿಲು ತೆರೆಯುವ ತನಕ ಬಡಿದೆ.